ಗುಬ್ಬಿಯ ಬಲಗಣ್ಣು

ಕಣ್ಣಕ್ಕ ಎಂದು ಅವಳಿಗೆ ಹೆಸರು ಬಿದ್ದದ್ದು ಕಣ್ಣಿನ ಅಂದದಿಂದಲ್ಲ. ಹಾಗೆ ನೋಡಿದರೆ ಅವಳವು ಸಣ್ಣ ಕಣ್ಣುಗಳು, ಮೇಲೆ ದಪ್ಪ ಗಾಜಿನ ಕನ್ನಡಕ ಬೇರೆ. ಇನ್ನೊಬ್ಬರ ಕಣ್ಣು ತೆರೆಸುವುದು ಅವಳ ಕಸುಬು. ಶಾಲೆಯ ಗುಂಪು ಫೋಟೊ ಇರಲಿ, ಮದುವೆಯದ್ದಿರಲಿ, ಅಷ್ಟು ಜನ ಸಾಲಾಗಿ ನಿಂತರೆ ಒಬ್ಬರಾದರೂ ಫ್ಲ್ಯಾಶ್ ಹೊಡೆದ ಗಳಿಗೆಗೆ ಸರಿಯಾಗಿ ರೆಪ್ಪೆ ಮುಚ್ಚಿರುತ್ತಾರೆ. ಮನೆಗೆ ಹೋಗಿ ನೋಡಿದ ಮೇಲೆ ಗೋಳು ಶುರು: ‘ಒಳ್ಳೇ ದಿನವೇ ನಿದ್ದೆ ಹೊಡೆದ ಹಾಗೆ ಬಂದಿದೀನಲ್ಲ!’ ಆಗ ಕಣ್ಣಕ್ಕ ಅದೇ ಮನುಷ್ಯನ ಬೇರೊಂದು ಫೋಟೊದಿಂದ ಕಣ್ಣು ತಂದು, ಬೆಳಕು ನೆರಳು ಹೊಂದಿಸಿ, ಮುಖಕ್ಕೆ ಕೂರಿಸುತ್ತಿದ್ದಳು. ಎಷ್ಟು ನಯವಾಗಿ ಎಂದರೆ ಹೆತ್ತ ತಾಯಿಗೂ ಅನುಮಾನ ಬರುತ್ತಿರಲಿಲ್ಲ.

ಅವಳು ಈ ಕೆಲಸ ಕಲಿತದ್ದು ಒಂದು ಫೋಟೊ ಸ್ಟುಡಿಯೋದಲ್ಲಿ. ಕೌಂಟರಿನಲ್ಲಿ ರಸೀದಿ ಬರೆಯಲು ಸೇರಿದವಳು, ಕತ್ತಲೆ ಕೋಣೆ, ಕುಂಚ, ಬಣ್ಣ ಎಂದು ಒಂದೊಂದಾಗಿ ಕೈ ಹಾಕಿ, ಕಡೆಗೆ ಕಂಪ್ಯೂಟರಿನ ಮುಂದೆ ಕೂತಳು. ಫೋಟೊ ತಿದ್ದುವ ಸಾಫ್ಟ್‌ವೇರನ್ನು ಮಾಲೀಕರು ಕೊಂಡು ತಂದ ದಿನ ಅದು ಒಂದು ರಟ್ಟಿನ ಡಬ್ಬಿಯಲ್ಲಿ ಬಂದಿತ್ತು. ಒಳಗೆ ಒಂದು ಡಿಸ್ಕ್, ದಿಂಬಿನಷ್ಟು ದಪ್ಪದ ಪುಸ್ತಕ, ಚೀಟಿಯ ಮೇಲೆ ಉದ್ದನೆಯ ಒಂದು ನಂಬರು. ಮಾಲೀಕರು ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದು ಮೇಜಿನ ಮೇಲಿಟ್ಟು, “ನೋಡಮ್ಮ, ಒಮ್ಮೆ ಕೊಂಡ್ರೆ ಆಯ್ತು. ನಾನು ಸತ್ರೂ ಇದು ಸಾಯಲ್ಲ” ಅಂದಿದ್ದರು. ಮುಂದೆ ಎಲ್ಲರ ಜೇಬಿಗೂ ಕ್ಯಾಮೆರಾ ಬಂದು ಸ್ಟುಡಿಯೋಕ್ಕೆ ಬೀಗ ಬಿದ್ದಾಗ, ಆ ಡಬ್ಬಿಯನ್ನೂ ಕಂಪ್ಯೂಟರನ್ನೂ ಅವಳ ಮನೆಗೇ ಕಳಿಸಿಕೊಟ್ಟರು. “ಕಲಿತವಳ ಹತ್ರ ಇರ್ಲಿ” ಎಂದರು. ಅಂದಿನಿಂದ ಮನೆಯ ಮುಂಭಾಗದ ಕಿಟಕಿ ಪಕ್ಕದ ಕೋಣೆಯೇ ಅವಳ ಸ್ಟುಡಿಯೋ. ಹರಿದ ಫೋಟೊ, ಗೆದ್ದಲು ತಿಂದ ಫೋಟೊ, ನೀರು ಬಿದ್ದ ಫೋಟೊ ಹಿಡಿದು ಜನ ಅಲ್ಲಿಗೇ ಬರತೊಡಗಿದರು.

ಆ ಮನೆಯಲ್ಲಿ ಇದ್ದದ್ದು ಮೂವರು. ಕಣ್ಣಕ್ಕ, ಅವಳ ಗಂಡ, ಅವಳ ಅಮ್ಮ. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಉಗುರಿನ ಸಂದಿಯಲ್ಲಿ ಸದಾ ಗ್ರೀಸು, ಬಾಯಲ್ಲಿ ಸದಾ ಒಂದು ಚಟಾಕಿ. ಅಮ್ಮ ಮೊದಲು ಮಗನ ಮನೆಯಲ್ಲಿದ್ದಳು. ಮಗನಿಗೆ ಪೇಂಟ್ ಅಂಗಡಿ, ಮನೆಯೂ ಅಂಗಡಿಯ ಮೇಲೆಯೇ. ಪೇಂಟಿನ ವಾಸನೆಗೆ ತಲೆ ಸಿಡಿಯುತ್ತದೆ ಎಂದು ಅಮ್ಮ ಮಗಳ ಮನೆಗೆ ಬಂದವಳು, ಅಲ್ಲೇ ಉಳಿದಳು.

ಅಮ್ಮನಿಗೆ ಎರಡೂ ಕಣ್ಣಿನ ಪೊರೆ ತೆಗೆಸಿದ ವರ್ಷ ಈ ಕತೆ ಶುರುವಾಗುತ್ತದೆ. ಪಟ್ಟಿ ಬಿಚ್ಚಿದ ಮೇಲೆ ಅಮ್ಮ ಮನೆಯ ಮೂಲೆಮೂಲೆಯನ್ನೂ ಹೊಸದಾಗಿ ನೋಡುತ್ತಾ ಬಂದಳು. ಗೋಡೆಯ ಬಿರುಕು ನೋಡಿದಳು, ಅಳಿಯನ ನರೆತ ಮೀಸೆ ನೋಡಿ ನಕ್ಕಳು. ಕಡೆಗೆ ಕಪಾಟಿನ ಒಳಗಿದ್ದ ಒಂದು ಫೋಟೊ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನಿಂತಳು.

ಅದು ಆ ಮನೆತನದ ಒಂದೇ ಒಂದು ಹಳೆಯ ಫೋಟೊ. ಕುರ್ಚಿಯಲ್ಲಿ ಅಪ್ಪ, ಅಮ್ಮ. ಪಕ್ಕದಲ್ಲಿ ಅಣ್ಣ. ಮುಂದೆ ಆರು ವರ್ಷದ ಕಣ್ಣಕ್ಕ, ಅವಳ ಕೈ ಹಿಡಿದುಕೊಂಡು ನಾಲ್ಕು ತುಂಬದ ತಂಗಿ. ಆ ತಂಗಿಯನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಫ್ಲ್ಯಾಶಿಗೆ ಬೆದರಿ ಗುಬ್ಬಿ ಕಣ್ಣು ಮುಚ್ಚಿದ್ದಾಳೆ. ಆ ವರ್ಷವೇ ಜ್ವರ ಬಂದು, ನೋಡನೋಡುತ್ತಲೇ ಹೋಗಿಬಿಟ್ಟಳು. ಆಮೇಲೆ ಅವಳ ಮಾತನ್ನು ಅಪ್ಪ ಎತ್ತಲಿಲ್ಲ, ಅಮ್ಮನೂ ಎತ್ತಲಿಲ್ಲ. ಅಪ್ಪ ಹಾಗೆಯೇ ತೀರಿಕೊಂಡರು.

“ಊರವರ ಕಣ್ಣೆಲ್ಲ ತೆರೆಸ್ತೀಯ. ಇವಳದ್ದೊಂದು ತೆರೆಸಿಕೊಡು ಮಗಳೇ” ಅಂದಳು ಅಮ್ಮ.

ಕಣ್ಣಕ್ಕ ಫೋಟೊ ಕೈಗೆ ತೆಗೆದುಕೊಂಡು ಹಿಂದೆಮುಂದೆ ನೋಡಿದಳು. ಕೆಲಸ ಕಷ್ಟವೆಂದಲ್ಲ. ಕಣ್ಣು ಎಲ್ಲಿಂದ ತರುವುದು? ಗುಬ್ಬಿಯದ್ದು ಬೇರೆ ಫೋಟೊ ಇಲ್ಲ. ಅವಳ ಮುಖ ಕಣ್ಣಕ್ಕನಿಗೆ ನೆನಪಿಲ್ಲ, ಅಣ್ಣನಿಗೂ ಇಲ್ಲ. ಆ ಕಣ್ಣುಗಳನ್ನು ಬಲ್ಲ ಜೀವ ಭೂಮಿಯ ಮೇಲೆ ಇನ್ನು ಒಂದೇ.

“ನೀನು ಪಕ್ಕದಲ್ಲಿ ಕೂತು ಹೇಳ್ತಾ ಹೋಗು, ನಾನು ಮಾಡ್ತಾ ಹೋಗ್ತೀನಿ” ಅಂದಳು.

ಹಾಗೆ ಮಧ್ಯಾಹ್ನದ ಊಟ ಮುಗಿದ ಮೇಲೆ ತಾಯಿ ಮಗಳು ಕಂಪ್ಯೂಟರಿನ ಮುಂದೆ ಕೂರುವುದು ರೂಢಿಯಾಯಿತು. ಆ ಸಾಫ್ಟ್‌ವೇರಿನಲ್ಲಿ ಒಂದು ಅನುಕೂಲವಿತ್ತು. ಫೋಟೊದ ಮೇಲೆ ಗಾಜಿನ ಹಾಳೆ ಹಾಸಿದ ಹಾಗೆ ಪದರದ ಮೇಲೆ ಪದರ ಹಾಸಿಕೊಂಡು ಹೋಗಬಹುದು. ಕೆಳಗಿನ ಮೂಲ ಫೋಟೊಕ್ಕೆ ಧಕ್ಕೆಯಿಲ್ಲ. ಒಂದು ಕಣ್ಣು ಸರಿ ಬರದಿದ್ದರೆ ಆ ಹಾಳೆ ಮರೆಮಾಡಿ ಇನ್ನೊಂದು ಹಾಸಿದರಾಯಿತು. ಕಣ್ಣಕ್ಕ ಮೊದಲು ಅಣ್ಣನ ಕಣ್ಣು ತಂದಿಟ್ಟಳು.

“ಅಯ್ಯೋ, ಇದು ಅವನದ್ದೇ ಗೂಬೆಕಣ್ಣು. ತೆಗಿ ತೆಗಿ!”

ತನ್ನದೇ ಕಣ್ಣು ಇಟ್ಟಳು.

ಅಮ್ಮ ತಲೆಯಾಡಿಸಿದಳು. “ಇದು ನೀನು. ನಿನ್ನ ಕಣ್ಣಲ್ಲಿ ಆಗ್ಲೇ ಲೆಕ್ಕಾಚಾರ ಇತ್ತು. ಅವಳದ್ರಲ್ಲಿ ಅದೆಲ್ಲ ಇರ್ಲಿಲ್ಲ. ಅವಳು ನೋಡಿದ್ರೆ ಏನೋ ಕೇಳೋಕೆ ಬಂದು ಮರೆತುಬಿಟ್ಟವಳ ಹಾಗೆ ಇರ್ತಿತ್ತು.”

ಹೀಗೆ ಕಣ್ಣು ಹುಡುಕುತ್ತಾ ಹೋದ ಹಾಗೆ ಅಮ್ಮನ ಬಾಯಿಂದ ಗುಬ್ಬಿಯೇ ಒಬ್ಬಳು ಹೊರಗೆ ಬರತೊಡಗಿದಳು. ಮನೆಗೆ ಬಂದವರು ಹೊರಡಬಾರದೆಂದು ಅವರ ಒಂದೊಂದು ಚಪ್ಪಲಿ ಅಡಗಿಸಿಡುತ್ತಿದ್ದಳಂತೆ. ಅಪ್ಪ ಗದರಿದರೆ ಅಳದೆ, ಹೋಗಿ ಅಪ್ಪನ ತೊಡೆಯನ್ನೇ ಕಚ್ಚುತ್ತಿದ್ದಳಂತೆ. ಜ್ವರದಲ್ಲಿ ಮಲಗಿದ್ದಾಗಲೂ ‘ಅಕ್ಕ ಸ್ಕೂಲಿಂದ ಬಂದ್ಲಾ?’ ಎಂದು ಕೇಳುತ್ತಿದ್ದಳಂತೆ. ಇದನ್ನು ಕೇಳಿದ ದಿನ ಕಣ್ಣಕ್ಕ ಮೌಸು ಬಿಟ್ಟು ಎದ್ದು ಹೋಗಿ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ಬಂದು ನೋಡಿದರೆ ಅಮ್ಮ ಪರದೆಯ ಮೇಲಿನ ಮಗುವಿನ ಕೆನ್ನೆ ಮುಟ್ಟುತ್ತಿದ್ದಳು. ಆದರೂ ತನ್ನ ಬದುಕಿನಲ್ಲೇ ಅಷ್ಟು ತುಂಬಿದ ದಿನಗಳು ಇನ್ನಿಲ್ಲ ಎಂದು ಕಣ್ಣಕ್ಕ ಆಮೇಲೆ ಗಂಡನೊಡನೆ ಹೇಳುತ್ತಿದ್ದಳು.

ತಿಂಗಳುಗಳು ಹಿಡಿದವು. ಪದರಗಳ ಮೇಲೆ ಪದರ. ಸೋದರತ್ತೆಯ ಮೊಮ್ಮಗಳ ಹುಬ್ಬು, ಅಪ್ಪನ ರೆಪ್ಪೆ, ಅಮ್ಮನ ಪಾಪೆಯ ಬಣ್ಣ. ಒಂದು ಮಧ್ಯಾಹ್ನ ಕಣ್ಣಕ್ಕ ಎಡಗಣ್ಣಿನ ರೆಪ್ಪೆಯನ್ನು ಕೂದಲೆಳೆಯಷ್ಟು ಕೆಳಗಿಳಿಸಿದಳು. ಅಮ್ಮ ತಟ್ಟನೆ ಅವಳ ಮೊಣಕೈ ಹಿಡಿದಳು.

“ಮುಟ್ಟಬೇಡ. ಇದೇ. ಎಡಗಣ್ಣು ಅವಳದ್ದೇ.”

“ನಿಜವಾಗ್ಲೂ?”

“ನಾನು ಹೆತ್ತವಳಲ್ಲವೇನೇ? ಬಲಗಣ್ಣು ನಾಳೆ ನೋಡೋಣ. ಇವತ್ತು ಸಾಕು, ಎದೆ ಹೊಡ್ಕೊಳ್ತಾ ಇದೆ.”

ಮರುದಿನ ಗುಂಡಿ ಒತ್ತಿದರೆ ಕಂಪ್ಯೂಟರ್ ಕಮಕ್ ಕಿಮಕ್ ಎನ್ನಲಿಲ್ಲ.

ರಿಪೇರಿಯವನು ಬಂದು ಬಿಚ್ಚಿ ನೋಡಿದ. “ಬೋರ್ಡು ಹೋಗಿದೆ ಅಕ್ಕ. ಇಷ್ಟು ವರ್ಷ ಬಂದಿದ್ದೇ ಹೆಚ್ಚು. ಆದ್ರೆ ಡಿಸ್ಕು ಗಟ್ಟಿ ಇದೆ, ನಿಮ್ಮ ಫೋಟೊ ಒಂದೂ ಹೋಗಿಲ್ಲ.” ಹೊಸ ಕಂಪ್ಯೂಟರ್ ಬಂತು. ಕಣ್ಣಕ್ಕ ಬೀರುವಿನಿಂದ ರಟ್ಟಿನ ಡಬ್ಬಿ ತೆಗೆದು ಡಿಸ್ಕು ಹಾಕಿದಳು, ಆ ಉದ್ದದ ನಂಬರು ಕೊಟ್ಟಳು. ಎಲ್ಲವೂ ಸರಿಯಾಗಿ ಕೂತಿತು. ಕೊನೆಯಲ್ಲಿ ಅದು ಇಂಟರ್ನೆಟ್ ಮೂಲಕ ಕಂಪನಿಯ ಒಪ್ಪಿಗೆ ಕೇಳಿತು. ಒಪ್ಪಿಗೆ ಬರಲಿಲ್ಲ. ಮತ್ತೆ ಹಾಕಿದಳು, ಮತ್ತೆ ಬರಲಿಲ್ಲ. ರಿಪೇರಿಯವನು ಬಿಟ್ಟಿ ಸಿಗುವ ಇನ್ನೊಂದು ಪ್ರೋಗ್ರಾಮಿನಲ್ಲಿ ಗುಬ್ಬಿಯ ಫೋಟೊ ತೆರೆದು ನೋಡಿದ. ಪದರಗಳೆಲ್ಲ ಕಲಸಿಹೋಗಿ ಮಗುವಿನ ಕಣ್ಣು ಕೆನ್ನೆಗಿಳಿದಿತ್ತು. ಕಣ್ಣಕ್ಕ, “ಮುಚ್ಚಪ್ಪ, ಮುಚ್ಚು” ಎಂದು ಮುಖ ತಿರುಗಿಸಿದಳು.

ಕಂಪನಿಗೆ ಫೋನು ಹಚ್ಚಿದಳು. ಆ ಕಡೆಯ ಹುಡುಗಿಯ ದನಿ ಬೆಣ್ಣೆಯಂತಿತ್ತು.

“ನಿಮ್ಮ ಲೈಸೆನ್ಸ್ ಈಗಲೂ ಶಾಶ್ವತವಾಗೇ ಇದೆ ಮೇಡಂ. ಅದನ್ನ ಪರಿಶೀಲಿಸೋ ಸೇವೆ ಮಾತ್ರ ನಿಂತಿದೆ.”

“ಅಂದ್ರೆ ಏನಮ್ಮ?”

“ಅಂದ್ರೆ ಸಾಫ್ಟ್‌ವೇರ್ ನಿಮ್ಮದೇ ಮೇಡಂ. ಹೊಸ ಕಂಪ್ಯೂಟರಲ್ಲಿ ತೆರೆಯೋಕಾಗಲ್ಲ, ಅಷ್ಟೆ. ಈಗ ನಮ್ಮಲ್ಲಿ ತಿಂಗಳ ಚಂದಾ ಮಾತ್ರ ಇರೋದು. ಚಂದಾ ಇರೋವರೆಗೂ ಎಲ್ಲಾ ಹೊಸ ಸೌಲಭ್ಯಗಳೂ ಸಿಗುತ್ತೆ.”

ಸಂಜೆ ಗಂಡ ಬಂದಾಗ ಅವಳು ಕೆಂಡವಾಗಿದ್ದಳು. ಪೂರ್ತಿ ಕೇಳಿಸಿಕೊಂಡು ಅವನು, “ಗಾಡಿ ನಿಂದೇ, ಕೀ ಮಾತ್ರ ನಾವು ಕೊಡಲ್ಲ ಅಂದ ಹಾಗಾಯ್ತು” ಎಂದು ನಕ್ಕ. ಆಮೇಲೆ ನಗು ನುಂಗಿ, “ಹೋಗ್ಲಿ ಬಿಡು, ಚಂದಾ ಕಟ್ಟೋಣ. ಹಾಲಿಗೆ ಕಟ್ತೀವಿ, ಪೇಪರ್‌ಗೆ ಕಟ್ತೀವಿ. ಇದಕ್ಕೂ ಒಂದು” ಅಂದ.

“ದುಡ್ಡಿನ ಮಾತಲ್ಲ ರೀ. ಕೊಂಡಿರೋ ವಸ್ತುಗೆ ಬಾಡಿಗೆ ಕಟ್ಟು ಅಂತಾರಲ್ಲ, ಇದ್ಯಾವ ನ್ಯಾಯ? ನಾಳೆ ಒಂದು ತಿಂಗಳು ಕಟ್ಟದಿದ್ರೆ ನಾನು ಮಾಡಿದ ಕೆಲಸಾನೇ ನನಗೆ ತೋರಿಸಲ್ವಂತೆ. ನನ್ನದನ್ನ ನನಗೆ ಕೊಡಿ ಅಂತ ಕೇಳ್ತಿದೀನಿ, ಭಿಕ್ಷೆ ಬೇಡ್ತಿಲ್ಲ.”

ಅವಳ ಹಟ ಅವನಿಗೆ ಗೊತ್ತಿತ್ತು. ಕೈ ತೊಳೆಯಲು ಎದ್ದು ಹೋದ.

ಕಣ್ಣಕ್ಕ ಕಂಪನಿಗೆ ಬರೆದಳು. ಉತ್ತರ ಬಂತು. ಅದಕ್ಕೆ ಮರು ಬರೆದಳು. ಪ್ರತಿ ಸಲವೂ ಬೇರೆ ಬೇರೆ ಹೆಸರಿನವರು ಅದೇ ವಾಕ್ಯವನ್ನೇ ಕಳಿಸಿದರು. ಡಬ್ಬಿಯ ಫೋಟೊ, ಚೀಟಿಯ ಫೋಟೊ ಎಲ್ಲ ಲಗತ್ತಿಸಿದಳು. ಗ್ರಾಹಕರ ವೇದಿಕೆಯ ಮೆಟ್ಟಿಲು ಹತ್ತಿದಳು. ಅಲ್ಲಿನ ಗುಮಾಸ್ತ, “ನಿಮ್ಮ ಕಡೆ ನ್ಯಾಯ ಇದೆ ಅಮ್ಮ, ಆದ್ರೆ ಟೈಮ್ ಹಿಡಿಯುತ್ತೆ” ಅಂದ. ಆ ಮಾತನ್ನು ಅವಳು ಸೆರಗಿನಲ್ಲಿ ಗಂಟು ಹಾಕಿಕೊಂಡು ಬಂದಳು, ಮೊದಲರ್ಧವನ್ನು ಮಾತ್ರ. ಬಂದ ಕೆಲಸವನ್ನೆಲ್ಲ ಬೇರೆಯವರ ಹತ್ತಿರ ಕಳಿಸಿದಳು. ಕೋಣೆಯಲ್ಲಿ ಹೊಸ ಕಂಪ್ಯೂಟರ್ ಬಟ್ಟೆ ಹೊದ್ದು ಕೂತಿತು.

ಅಮ್ಮ ಮಾತ್ರ ಊಟವಾದ ಮೇಲೆ ಅಭ್ಯಾಸದಂತೆ ಹೋಗಿ ಆ ಕುರ್ಚಿಯಲ್ಲಿ ಕೂರುತ್ತಿದ್ದಳು.

“ಬಲಗಣ್ಣು ಎಲ್ಲಿಗೆ ಬಂತು?”

“ಸ್ವಲ್ಪ ತಡಿಯಮ್ಮ. ನ್ಯಾಯ ನಮ್ಮ ಕಡೆ ಇದೆ.”

“ನ್ಯಾಯ ಇರ್ಲಿ ಮಗಳೇ. ಕಣ್ಣು?”

ಇನ್ನೊಂದು ವಾರ ಕಳೆದು ಮತ್ತೆ ಕೇಳಿದಳು. ಕಣ್ಣಕ್ಕ ಅದೇ ಉತ್ತರ ಕೊಟ್ಟಳು. ಮತ್ತೊಮ್ಮೆ ಕೇಳಿದಾಗ ಯಾರಿಗೋ ಪತ್ರ ಬರೆಯುವ ಅವಸರದಲ್ಲಿದ್ದ ಕಣ್ಣಕ್ಕ ತುಸು ಸಿಡುಕಿದಳು. ಆಮೇಲೆ ಅಮ್ಮ ಕೇಳಲಿಲ್ಲ. ಸದ್ಯ, ಅಮ್ಮನಿಗೂ ಅರ್ಥವಾಯಿತು ಎಂದುಕೊಂಡಳು ಮಗಳು.

ಅರ್ಥವಾದದ್ದಲ್ಲ. ಅಮ್ಮ ಸಾರಿಗೆ ಎರಡು ಸಲ ಉಪ್ಪು ಹಾಕಿದಳು, ವಯಸ್ಸಾಯಿತು ಅಂದರು. ಅಳಿಯ ಬಾಗಿಲು ತಟ್ಟಿದರೆ, “ಯಾರೋ ಗಂಡಸು ಬಂದಿದಾನೆ, ಮನೇಲಿ ಯಾರೂ ಇಲ್ಲ ಅಂತ ಹೇಳು” ಅಂದಳು. ಅವನೇ ನಕ್ಕು, “ಅತ್ತೆಗೆ ಈಗ ನನ್ನ ಬಣ್ಣ ಗೊತ್ತಾಯ್ತು” ಎಂದ. ಒಂದು ಬೆಳಿಗ್ಗೆ ಬಚ್ಚಲಲ್ಲಿ ತಂಬಿಗೆ ಹಿಡಿದು ನಿಂತವಳು, ಅದರಿಂದ ಏನು ಮಾಡಬೇಕೆಂದು ತಿಳಿಯದೆ ಹಾಗೇ ನಿಂತಿದ್ದಳು. ಕಣ್ಣಕ್ಕ ಓಡಿ ಹೋಗಿ ಕೈ ಹಿಡಿದರೆ, ಅಮ್ಮ ಅವಳ ಮುಖ ನೋಡಿ, “ಅಕ್ಕಾ, ಅವ್ವ ಎಲ್ಲಿ?” ಎಂದಳು.

ಡಾಕ್ಟರು ಸ್ಕ್ಯಾನು ಬೆಳಕಿಗೆ ಹಿಡಿದು ತೋರಿಸಿದರು. ಮೆದುಳಿನ ಸಣ್ಣ ಸಣ್ಣ ರಕ್ತನಾಳ ಕಟ್ಟಿಕೊಳ್ಳುತ್ತಿವೆ. “ಇದು ಮೆಟ್ಟಿಲು ಇಳಿದ ಹಾಗೆ. ಒಂದು ಮೆಟ್ಟಿಲು ಇಳಿದು ಸ್ವಲ್ಪ ಕಾಲ ನಿಲ್ತಾರೆ. ಮತ್ತೆ ಇನ್ನೊಂದು. ಇಳಿದ ಮೇಲೆ ಹತ್ತೋದು ಇಲ್ಲ.”

“ಯಾವಾಗಿಂದ ಇರಬಹುದು ಡಾಕ್ಟ್ರೇ?”

“ಕೆಲವು ತಿಂಗಳಿಂದ.”

ಮನೆಗೆ ಬಂದವಳೇ ಕಣ್ಣಕ್ಕ ಕಂಪ್ಯೂಟರಿನ ಬಟ್ಟೆ ಎಳೆದೆಸೆದು, ಗಂಡನ ಕಾರ್ಡು ಕೇಳಿ ಪಡೆದು, ಚಂದಾ ಕಟ್ಟಿದಳು. ತಿಂಗಳುಗಟ್ಟಲೆ ಗುದ್ದಿದರೂ ಜಗ್ಗದ ಬಾಗಿಲು, ಮಾಡಿಟ್ಟ ಚಹಾ ಆರುವಷ್ಟರಲ್ಲಿ ತೆರೆದುಕೊಂಡಿತು. ಇಷ್ಟೇ ಆಗಿತ್ತು. ಗುಬ್ಬಿಯ ಫೋಟೊ ತೆರೆದರೆ ಪದರಗಳೆಲ್ಲ ಇದ್ದ ಹಾಗೇ ಇವೆ. ಎಡಗಣ್ಣು ಇದ್ದಲ್ಲೇ ಇದೆ, ಏನೋ ಕೇಳಲು ಬಂದು ಮರೆತವಳ ಹಾಗೆ ನೋಡುತ್ತಿದೆ.

ಅಮ್ಮನ ತೋಳು ಹಿಡಿದು ತಂದು ಕುರ್ಚಿಯಲ್ಲಿ ಕೂರಿಸಿದಳು. “ಅಮ್ಮ, ನೋಡು. ಬಂತು. ಈಗ ಬಲಗಣ್ಣು ಮಾಡೋಣ, ಹೇಳು.”

ಅಮ್ಮ ಪರದೆ ನೋಡಿದಳು. “ಯಾರ ಮಗು ಇದು?”

“ಗುಬ್ಬಿ ಅಮ್ಮ. ನಮ್ಮ ಗುಬ್ಬಿ.”

“ಪಾಪ, ಒಂದು ಕಣ್ಣು ಸರಿ ಇಲ್ಲ. ಡಾಕ್ಟರಿಗೆ ತೋರಿಸಿದ್ರಾ?”

ಕಣ್ಣಕ್ಕ ಬಿಡಲಿಲ್ಲ. ದಿನವೂ ಕೂರಿಸಿಕೊಂಡಳು. ಒಂದೊಂದು ಗಳಿಗೆ ಅಮ್ಮ ಮರಳಿ ಬಂದಾಳೆಂಬ ಆಸೆ. ಬಲಗಣ್ಣನ್ನು ಹತ್ತು ಬಗೆಯಲ್ಲಿ ಮಾಡಿಟ್ಟು, “ರೆಪ್ಪೆ ಮೇಲೋ, ಕೆಳಗೋ? ಅಷ್ಟಾದ್ರೂ ಹೇಳಮ್ಮ” ಎಂದು ಗೋಗರೆದಳು. ಅಮ್ಮ ಸಂಕೋಚದಿಂದ ಸೆರಗು ಹೊದ್ದುಕೊಂಡು, “ನಿಮಗೆ ಹೇಗೆ ಸರಿ ಕಾಣುತ್ತೋ ಹಾಗೆ ಮಾಡಿ ತಾಯಿ” ಅಂದಳು. ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೆ ಬಹುವಚನ. ಆ ದಿನ ಕಣ್ಣಕ್ಕ ಊಟ ಮಾಡಲಿಲ್ಲ.

ಹೊಸ ಸಾಫ್ಟ್‌ವೇರಿನಲ್ಲಿ ಕಣ್ಣು ತಾನಾಗಿಯೇ ತೆರೆಸುವ ಗುಂಡಿಯೊಂದಿತ್ತು. ಅವಳು ಮೊದಲ ದಿನವೇ ನೋಡಿದ್ದಳು, ಮುಟ್ಟಿರಲಿಲ್ಲ. ಒಂದು ಭಾನುವಾರ ಅಣ್ಣ ಬಂದಿದ್ದ. ಅಮ್ಮನಿಗೆ ಗಂಜಿ ಕುಡಿಸಿ, ಬಾಯಿ ಒರೆಸಿ, ಪರದೆಯ ಕಡೆ ನೋಡಿ ಅಂದ: “ಎಷ್ಟು ದಿನ ಒಕ್ಕಣ್ಣಲ್ಲಿ ಇಡ್ತೀಯ ಅವಳನ್ನ? ನೋಡೋಕಾಗ್ತಿಲ್ಲ ಕಣೇ. ಅದನ್ನೊಂದು ಸಲ ಒತ್ತಿ ನೋಡು.” ಗಂಡನೂ ಮೆಲ್ಲಗೆ, “ನೋಡೋದ್ರಲ್ಲಿ ಏನು ತಪ್ಪು” ಎಂದ.

ಅವಳು ಮೂಲ ಫೋಟೊಗೆ ಹೋಗಿ ಗುಂಡಿ ಒತ್ತಿದಳು. ಪರದೆ ಒಂದು ಕ್ಷಣ ಮಂಕಾಯಿತು. ಗುಬ್ಬಿ ಎರಡೂ ಕಣ್ಣು ಬಿಟ್ಟಳು. ದೊಡ್ಡ, ಕಪ್ಪು, ಮಿಂಚುವ ಕಣ್ಣುಗಳು. ಎಲ್ಲಿಯೂ ಹೊಲಿಗೆ ಕಾಣದು. ಚೆಲುವಾದ ಮಗು, ಯಾರ ಮಗುವೂ ಅಲ್ಲ.

“ಗುಬ್ಬೀ!”

ಮೂವರೂ ತಿರುಗಿದರು. ಅಮ್ಮ ಕುರ್ಚಿಯಿಂದ ಅರ್ಧ ಎದ್ದಿದ್ದಳು. “ಗುಬ್ಬೀ, ಎಲ್ಲಿಗೆ ಹೋಗಿದ್ಯೇ ಇಷ್ಟು ಹೊತ್ತು? ನೋಡ್ರೋ, ಬಂದ್ಲು ನನ್ನ ಮಗಳು!”

ಅಣ್ಣ ಗಳಗಳನೆ ಅತ್ತುಬಿಟ್ಟ. ಕಣ್ಣಕ್ಕ ಅಮ್ಮನನ್ನು ತಬ್ಬಿಕೊಂಡು ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ. ತಾನು ಇಷ್ಟು ತಿಂಗಳು ತಪ್ಪು ದಾರಿಯಲ್ಲಿ ನಡೆದೆ, ಎಡಗಣ್ಣೂ ಸುಳ್ಳಾಗಿತ್ತು, ಯಂತ್ರವೇ ಸರಿಯಾಗಿ ಕಂಡುಹಿಡಿಯಿತು, ಹೋಗಲಿ, ಸಿಕ್ಕಳಲ್ಲ! ಹಾಗೆಂದು ಅವಳು ನಂಬಿದಳು. ಮನಸಾರೆ ನಂಬಿದಳು. ಅಣ್ಣ ಆ ಫೋಟೊವನ್ನು ತನ್ನ ಫೋನಿಗೆ ಹಾಕಿಸಿಕೊಂಡ.

ಗಂಡ ಅತ್ತೆಯ ಬೆನ್ನಿಗೆ ಪೌಡರ್ ಹಾಕಲೆಂದು ಡಬ್ಬಿ ತಂದುಕೊಟ್ಟ. ಡಬ್ಬಿಯ ಮೇಲೆ ಬೊಚ್ಚುಬಾಯಿ ಬಿಟ್ಟು ನಗುವ ಒಂದು ಕೂಸಿನ ಚಿತ್ರ. ಅಮ್ಮ ಅದನ್ನು ಕೈಗೆ ತೆಗೆದುಕೊಂಡು, ಅದೇ ಬೆರಗಿನಲ್ಲಿ, ಅದೇ ದನಿಯಲ್ಲಿ, “ಇಲ್ನೋಡು, ಗುಬ್ಬಿ ಇಲ್ಲೂ ಬಂದಿದಾಳೆ!” ಎಂದು ಡಬ್ಬಿಗೆ ಮುತ್ತು ಕೊಟ್ಟಳು.

ಬೀದಿಯಲ್ಲಿ ಯಾರೋ ಸ್ಕೂಟರ್ ಒದೆಯುತ್ತಿದ್ದರು, ಅದು ಹತ್ತುತ್ತಿರಲಿಲ್ಲ.

“ಅಮ್ಮ ಒಪ್ಪಿದಳಲ್ಲ. ಅಷ್ಟು ಸಾಕು ಬಿಡು” ಎಂದ ಅಣ್ಣ, ಹೊರಡುವಾಗ ಬಾಗಿಲಲ್ಲಿ ನಿಂತು.

“ಅಮ್ಮ ಎಲ್ಲಿ ಒಪ್ಪಿದಳು ಅಣ್ಣ? ಅಮ್ಮ ಅಲ್ಲಿ ಇರ್ಲೇ ಇಲ್ಲ.”

“ನಿನಗೆ ಎಲ್ಲದ್ರಲ್ಲೂ ಸರಿ ತಪ್ಪು ಆಗ್ಬೇಕು” ಎಂದು ಅವನು ಚಪ್ಪಲಿ ಮೆಟ್ಟಿದ. ಬೇಸರದಿಂದ ಅಂದದ್ದಲ್ಲ, ಆದರೆ ಆ ಮಾತು ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು. ನ್ಯಾಯವನ್ನು ಹಿಡಿದು ಕೂತವಳು ತಾನೇ. ಕಂಪನಿ ಮಾಡಿದ್ದು ತಪ್ಪು ಎಂದು ಅವಳಿಗೆ ಇವತ್ತಿಗೂ ಅನುಮಾನವಿಲ್ಲ. ಆದರೆ ಅಮ್ಮ ಬಾಯಿಬಿಟ್ಟು ಕೇಳಿದ್ದು ನ್ಯಾಯವನ್ನಲ್ಲ.

ಚಳಿ ಮುಗಿಯುವ ಹೊತ್ತಿಗೆ ಅಮ್ಮ ಇನ್ನೆರಡು ಮೆಟ್ಟಿಲು ಇಳಿದಳು. ಮಾತು ನಿಂತಿತು, ನುಂಗುವುದು ನಿಂತಿತು. ಒಂದು ಬೆಳಿಗ್ಗೆ ಕಣ್ಣಕ್ಕ ತಲೆ ಬಾಚುತ್ತಿರುವಾಗ ಅವಳ ಕೈಗೇ ಒರಗಿ ಹೋದಳು. ಗ್ರಾಹಕರ ವೇದಿಕೆಯಿಂದ ವಿಚಾರಣೆಯ ದಿನ ತಿಳಿಸಿ ಕಾಗದ ಬಂದದ್ದು ಅದಾದ ಮೇಲೆ. ಅವಳು ಹೋಗಲಿಲ್ಲ. “ಹೋಗಿ ಬಾರೇ, ಗೆಲ್ತೀಯ” ಅಂದ ಗಂಡನಿಗೆ, “ಗೆದ್ದು ಯಾರಿಗೆ ತೋರಿಸಲಿ ರೀ?” ಎಂದಳು. ಅವನಿಗೆ ಆ ದಿನ ಒಂದು ಚಟಾಕಿಯೂ ಹೊಳೆಯಲಿಲ್ಲ. ಪಕ್ಕದಲ್ಲಿ ಕೂತು ಅವಳ ಕೈಯನ್ನು ತನ್ನ ಗ್ರೀಸಿನ ಕೈಯಲ್ಲಿ ಇಟ್ಟುಕೊಂಡ.

ಚಂದಾ ನಡೆಯುತ್ತಲೇ ಇದೆ. ಹೊಟ್ಟೆಪಾಡಿಗೆ ಅದು ಬೇಕು. ಜನ ಈಗಲೂ ಫೋಟೊ ತರುತ್ತಾರೆ, ಅವಳು ಈಗಲೂ ಕಣ್ಣು ತೆರೆಸಿಕೊಡುತ್ತಾಳೆ. ಗುಂಡಿ ಒತ್ತುವುದಿಲ್ಲ, ಕೈಯಲ್ಲೇ ಮಾಡುತ್ತಾಳೆ, ತಡವಾಗುತ್ತದೆ ಎಂದು ಮೊದಲೇ ಹೇಳಿಬಿಡುತ್ತಾಳೆ.

ಅಣ್ಣ ತನ್ನ ಫೋನಿನಲ್ಲಿದ್ದ ಚಿತ್ರವನ್ನು ದೊಡ್ಡದಾಗಿ ಮಾಡಿಸಿ, ಕಟ್ಟು ಹಾಕಿಸಿ, ನಡುಮನೆಯಲ್ಲಿ ಅಮ್ಮನ ಫೋಟೊ ಪಕ್ಕದಲ್ಲಿ ತೂಗುಹಾಕಿದ್ದಾನೆ. ಅವನ ಮೊಮ್ಮಕ್ಕಳು ಬಂದವರಿಗೆಲ್ಲ ತೋರಿಸಿ, “ಇದು ನಮ್ಮ ಗುಬ್ಬಿ ಅಜ್ಜಿ, ಸಣ್ಣವಳಿದ್ದಾಗಲೇ ತೀರಿಕೊಂಡ್ಳು. ಎಷ್ಟು ಚಂದ ಕಣ್ಣು ನೋಡಿ” ಎನ್ನುತ್ತವೆ. ಕಣ್ಣಕ್ಕ ಆ ಮನೆಗೆ ಹೋದಾಗ ಗೋಡೆಗೆ ಬೆನ್ನು ಹಾಕಿ ಕೂರುತ್ತಾಳೆ.

ಆದರೆ ಅದರಿಂದಲೂ ಪ್ರಯೋಜನವಾಗಲಿಲ್ಲ. ಸ್ಕೂಲಿನಿಂದ ಬರುವ ಅಕ್ಕನಿಗಾಗಿ ಹಾಸಿಗೆಯಿಂದ ತಲೆಯೆತ್ತಿ ನೋಡುವ ಮಗುವನ್ನು ಈಚೆಗೆ ಅವಳು ಎಷ್ಟೋ ಸಲ ನೆನೆಯುತ್ತಾಳೆ. ಪ್ರತಿ ಸಲವೂ ಆ ಮಗು ತಿರುಗಿ ಅವಳತ್ತ ನೋಡುತ್ತದೆ. ಆ ಯಂತ್ರ ಕೊಟ್ಟ ದೊಡ್ಡ, ಕಪ್ಪು, ಮಿಂಚುವ ಕಣ್ಣುಗಳಿಂದ.